ಪದಚರ್ಚೆ: ಅಲ್ಕಾಂಟಾರ ‘ಚರ್ಮ’ವೇ? ಸ್ಟೀರಿಂಗ್ ಹೊದಿಕೆಗೆ ಕನ್ನಡದ ಮಾತು

ಬಳಗದ ಎಲ್ಲರಿಗೂ ನಮಸ್ಕಾರ.

ಬಸವನಗುಡಿಯಲ್ಲಿರುವ ನಮ್ಮ ಸೋದರಮಾವ ನಿವೃತ್ತರಾದ ಮೇಲೆ ತಮ್ಮ ಬಹುದಿನದ ಆಸೆಯಂತೆ ಒಂದು ಐಷಾರಾಮಿ ಸ್ಪೋರ್ಟ್ ಸೆಡಾನ್ ಕೊಳ್ಳಲು ಹೊರಟಿದ್ದಾರೆ. ಡ್ರೈವರ್ ಇಟ್ಟುಕೊಳ್ಳುವವರಲ್ಲ, ತಾವೇ ಓಡಿಸುವವರು. ಮೂವತ್ತು ವರ್ಷದಿಂದ ಚಪ್ಪಲಿ, ಬೆಲ್ಟು, ಪರ್ಸು ಯಾವುದರಲ್ಲೂ ಚರ್ಮ ಮುಟ್ಟದ ವ್ರತ ಅವರದು. ಕಾರಿನಲ್ಲಿ ಕೈ ಸದಾ ಇರುವುದು ಸ್ಟೀರಿಂಗಿನ ಮೇಲೆ. ಆದ್ದರಿಂದ ಅದಕ್ಕೆ ಏನು ಸುತ್ತಿದ್ದಾರೆ ಎನ್ನುವುದು ಅವರಿಗೆ ಬಣ್ಣಕ್ಕಿಂತ, ಎಂಜಿನ್ನಿಗಿಂತ ದೊಡ್ಡ ಪ್ರಶ್ನೆ.

ಶೋರೂಮಿನ ಹುಡುಗ ಚೆನ್ನಾಗಿ ಕನ್ನಡದಲ್ಲೇ ವಿವರಿಸಿದನಂತೆ. ಆದರೆ ನಾಲ್ಕು ತುಂಡು ತೋರಿಸಿ ನಾಲ್ಕಕ್ಕೂ ಚರ್ಮ ಎಂದೇ ಹೇಳಿದ: ನಪ್ಪ ಚರ್ಮ, ತೂತಿನ ಚರ್ಮ, ವೀಗನ್ ಚರ್ಮ, ಅಲ್ಕಾಂಟಾರ ಚರ್ಮ. ಮಾವ ಕೊನೆಯದನ್ನು ಸವರಿ, “ಇದೂ ಚರ್ಮವೇನಪ್ಪಾ?” ಎಂದರು. “ಅದೂ ಒಂಥರಾ ಚರ್ಮಾನೇ ಸಾರ್” ಎಂದು ಉತ್ತರ ಬಂತು. ಮಾವ ಅಲ್ಲೇ ಅದನ್ನು ಪಟ್ಟಿಯಿಂದ ಹೊಡೆದುಹಾಕಿದರು. ಪ್ರಾಣಿಯ ಕೂದಲೆಳೆಯೂ ಇಲ್ಲದ ವಸ್ತುವನ್ನು ಒಂದು ಮಾತು ದೂರ ಮಾಡಿತು. ಮನೆಗೆ ಬಂದು ಕಾರಿನ ಆಯ್ಕೆಗಳನ್ನು ತುಂಬುವ ಫಾರಂ ನನ್ನ ಮುಂದಿಟ್ಟು, “ನೋಡಮ್ಮ, ಇದರಲ್ಲಿ ಯಾವುದು ಪ್ರಾಣೀದು, ಯಾವುದು ಅಲ್ಲ, ಓದಿದ ತಕ್ಷಣ ತಿಳಿಯೋ ಹಾಗೆ ಕನ್ನಡದಲ್ಲಿ ಬರೆದುಕೊಡು” ಎಂದರು. ಬರೆಯಲು ಕೂತಾಗಲೇ ನನಗೂ ಗೊತ್ತಾಗಿದ್ದು, ನನ್ನ ಕೈಯಲ್ಲಿ ಪದಗಳಿಲ್ಲ ಎಂದು.

ಮೊದಲು ಚರ್ಮವನ್ನೇ ನೋಡೋಣ. ಕನ್ನಡದಲ್ಲಿ ಈ ಒಂದು ಪದ ಎರಡು ಕೆಲಸ ಮಾಡುತ್ತದೆ. ಚರ್ಮರೋಗ ಎಂದಾಗ ಅದು ಮೈಮೇಲಿನದು. ಚರ್ಮದ ಚೀಲ ಎಂದಾಗ ಸುಲಿದು, ಹದಮಾಡಿ, ಹೊಲಿದದ್ದು. ಇದೇ ಸಂಸ್ಕೃತ ಪದ ‘ಚಮ್ಮ’ ಎಂದು ತದ್ಭವವಾಗಿ, ಹರಳಯ್ಯ ಮತ್ತು ಕಲ್ಯಾಣಮ್ಮ ಬಸವಣ್ಣನವರಿಗಾಗಿ ಮಾಡಿದರೆಂದು ಕಥೆ ಹೇಳುವ ಚಮ್ಮಾವುಗೆಯಲ್ಲಿ ಉಳಿದಿದೆ. ನಮ್ಮದೇ ಪದ ತೊಗಲು, ಹಳೆಯ ರೂಪ ತೊವಲು. ತಮಿಳಿನ ತೋಲ್, ತೆಲುಗಿನ ತೋಲು ಇದರ ಒಡಹುಟ್ಟು. ತೊಗಲುಗೊಂಬೆಯ ಆಟದಲ್ಲಿ ಪರದೆಯ ಹಿಂದೆ ದೀಪಕ್ಕೆ ಹಿಡಿದರೆ ಬೆಳಕು ಹಾಯುವ ಹಾಗೆ, ಕೂದಲು ತೆಗೆದು ಒಣಗಿಸಿದ್ದಕ್ಕೆ ತೊಗಲು ಎನ್ನುತ್ತೇವೆ. ಅದು ಶೂ ಮಾಡುವ ಚರ್ಮದಂತೆ ಹದಗೊಂಡದ್ದಲ್ಲ. ಹಾಗಾಗಿ ನನ್ನ ಕಿವಿಗೆ ತೊಗಲು ಪ್ರಾಣಿಗೆ ಹತ್ತಿರ, ಚರ್ಮ ಅಂಗಡಿಗೆ ಹತ್ತಿರ. ನಿಮ್ಮ ಕಿವಿಗೂ ಹಾಗೆಯೇ ಕೇಳಿಸುತ್ತದೆಯೇ?

ಈ ಪದವನ್ನು ಫಾರಮ್ಮಿನಲ್ಲಿ ಬರೆದು ತೋರಿಸಿದಾಗ ಮನೆಯಲ್ಲಿ ಒಬ್ಬರು, “ತೊಗಲು ಬೇಡ, ಒರಟಾಗಿ ಕೇಳುತ್ತೆ” ಎಂದರು. ಒಪ್ಪಲಾಗಲಿಲ್ಲ. ಒರಟಾಗಿರುವುದು ಪದವಲ್ಲ. ತೊಗಲನ್ನು ಹದಮಾಡಿ, ಕೊಯ್ದು, ಹೊಲಿದವರನ್ನು ನಾವು ಊರಾಚೆ ಇಟ್ಟೆವು. ಅವರ ಬಾಯಿನ ಮಾತನ್ನೂ ಪುಸ್ತಕದಾಚೆ ಇಟ್ಟೆವು. ಬೆಂಗಳೂರಿನ ರಸ್ತೆಬದಿಯಲ್ಲಿ ಸರ್ಕಾರದ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನ ಚರ್ಮಕುಟೀರದಲ್ಲಿ ಕುಳಿತು ಶೂ ಹೊಲಿಯುವವರ ಬಳಿ ಹತ್ತು ನಿಮಿಷ ನಿಂತರೆ, ನಿಘಂಟು ತಡಕಾಡುವ ನಮಗಿಂತ ಎಷ್ಟು ಸ್ಪಷ್ಟವಾಗಿ ಅವರು ಒಂದು ಚರ್ಮವನ್ನು ಇನ್ನೊಂದರಿಂದ ಬೇರೆ ಮಾಡಿ ಹೇಳುತ್ತಾರೆ ಎಂದು ತಿಳಿಯುತ್ತದೆ.

ಆ ಕಸುಬಿನಲ್ಲಿ ಬಳಸುವ ಒಂದು ಪದವಂತೂ ನನಗೆ ಬಲು ಇಷ್ಟ: ಹದ. ಹದಮಳೆ, ಪಾಕದ ಹದ, ಉಳಲು ಹದವಾದ ನೆಲ, ಹದಮಾಡಿದ ಚರ್ಮ. ಮಣ್ಣು, ಬೆಲ್ಲ, ತೊಗಲು ಮೂರಕ್ಕೂ ಒಂದೇ ಮಾತು. ನಮ್ಮ ಕಡೆ ಹಿಂದೆ ಹದಕ್ಕೆ ಬೇಕಾಗುತ್ತಿದ್ದುದು ತಂಗಡಿ ಗಿಡದ ತೊಗಟೆ (ಕೆಲವೆಡೆ ಆವರಿಕೆ ಎನ್ನುತ್ತಾರೆ) ಮತ್ತು ಅಳಲೆಕಾಯಿ. ಇವುಗಳ ಒಗರು ತೊಗಲನ್ನು ಕೊಳೆಯದಂತೆ ಕಾಯುತ್ತದೆ. ಇಂದು ಜಗತ್ತಿನ ಚರ್ಮದಲ್ಲಿ ಬಹುಪಾಲು ಕ್ರೋಮಿಯಂ ಲವಣದಿಂದ ಹದಗೊಳ್ಳುತ್ತದೆ. ತೊಗಟೆಯ ಹದಕ್ಕೆ ವಾರಗಳು ಬೇಕಾದರೆ ಇದಕ್ಕೆ ಒಂದೆರಡು ದಿನ ಸಾಕು, ಚರ್ಮವೂ ಮೆತ್ತಗೆ ಬರುತ್ತದೆ. ‘ತೊಗಟೆಹದ’, ‘ಕ್ರೋಮ್‌ಹದ’ ಎಂದರೆ ಯಾವ ಓದುಗರಿಗಾದರೂ ತಿಳಿದೀತು.

ನಪ್ಪಕ್ಕೆ ಬಂದರೆ, ಅದು ಊರಿನ ಹೆಸರು. ಕ್ಯಾಲಿಫೋರ್ನಿಯಾದ ನಾಪಾದಲ್ಲಿದ್ದ ಸಾಯರ್ ಟ್ಯಾನರಿಯಲ್ಲಿ 1875ರಲ್ಲಿ ಎಮಾನ್ಯುಯೆಲ್ ಮನಾಸೆ ಕುರಿಚರ್ಮವನ್ನು ತುಂಬ ಮೆತ್ತಗೆ ಹದಮಾಡುವ ಬಗೆ ಕಂಡುಕೊಂಡ. ಆ ಊರಿನ ಹೆಸರೇ ಚರ್ಮಕ್ಕೆ ಅಂಟಿತು. ಇಂದು ಕಾರಿನ ನಪ್ಪ ಹೆಚ್ಚಾಗಿ ದನದ್ದು. ಇದು ಮಾವನಂಥವರಿಗೆ ತಿಳಿದಿರಲೇಬೇಕು, ಆದರೆ ನಪ್ಪ ಎಂಬ ಹೆಸರಿನಲ್ಲಿ ಅದರ ಸುಳಿವೇ ಇಲ್ಲ. ನಾನು ಬರೆದದ್ದು ‘ಮೆದುಹದದ ಚರ್ಮ’. ಮೆದು ಎನ್ನುವುದು ಮುಟ್ಟಿದಾಗಿನ ಅನುಭವ, ಹದ ಎನ್ನುವುದು ಕೆಲಸ, ಚರ್ಮ ಎನ್ನುವುದು ಮೂಲ. ಮೂರೂ ಸೇರಿದವು.

ಸ್ವೇಡ್ ಎಂಬ ಇನ್ನೊಂದು ಬಗೆಯ ಚರ್ಮಕ್ಕೂ ಹೀಗೆಯೇ ಒಂದು ದೇಶದ ಹೆಸರು. ಫ್ರೆಂಚರು ಸ್ವೀಡನ್ನಿನ ಕೈಗವಸು ಎಂದು ಕರೆದದ್ದರಲ್ಲಿ ಕೈಗವಸು ಬಿದ್ದುಹೋಗಿ ದೇಶ ಉಳಿಯಿತು. ಚರ್ಮದ ಒಳಮೈಯನ್ನು ಉಜ್ಜಿ ಎಳೆ ಎಬ್ಬಿಸಿದರೆ ಸ್ವೇಡ್; ಹೊರಮೈಯನ್ನೇ ನಯವಾಗಿ ಉಜ್ಜಿದರೆ ನೂಬಕ್. ಒಳದೊಗಲು, ಮೇಲ್ದೊಗಲು ಎಂದು ನಾನು ಗುರುತು ಹಾಕಿಕೊಂಡಿದ್ದೇನೆ.

ಈಗ ಅಲ್ಕಾಂಟಾರ, ನನ್ನ ಮುಖ್ಯ ಪ್ರಶ್ನೆ. ಇದು ಚರ್ಮವಲ್ಲ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ರೂಪಿಸಿದ ಬಟ್ಟೆ. ಇಟಲಿಯ ಉಂಬ್ರಿಯಾ ಪ್ರಾಂತದ ನೆರಾ ಮೊಂಟೊರೊದಲ್ಲಿ ತಯಾರಾಗುತ್ತದೆ. ನೂರರಲ್ಲಿ ಸುಮಾರು 68 ಪಾಲು ಪಾಲಿಯೆಸ್ಟರ್, 32 ಪಾಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಬರಿಗಣ್ಣಿಗೆ ಬೇರೆಯಾಗಿ ಕಾಣದಷ್ಟು ಸಣ್ಣ ಎಳೆಗಳನ್ನು ಸೂಜಿಯಿಂದ ಒಂದರಲ್ಲೊಂದು ಹೆಣೆದು, ಪಾಲಿಯುರೆಥೇನಿನಲ್ಲಿ ಕಟ್ಟಿ, ಮೇಲ್ಮೈ ಉಜ್ಜುತ್ತಾರೆ. ಹೆಸರು ಅರಬ್ಬಿಯ ಅಲ್-ಕಂತರಾದಿಂದ ಬಂದದ್ದು, ಎಂದರೆ ಸೇತುವೆ. ಸ್ಪೇನಿನಲ್ಲಿ ರೋಮನ್ನರು ಟಾಗುಸ್ ನದಿಗೆ ಕಟ್ಟಿದ ಸೇತುವೆಯಿರುವ ಊರಿಗೂ ಇದೇ ಹೆಸರು. ಅಲ್ಕಾಂಟಾರ ಒಂದು ಕಂಪನಿಯ ನೋಂದಾಯಿತ ಹೆಸರು ಬೇರೆ. ಪೋರ್ಷೆ ತನ್ನ ಕಾರುಗಳಲ್ಲಿ ಇದೇ ಜಾತಿಯ ಬಟ್ಟೆಯನ್ನು ರೇಸ್-ಟೆಕ್ಸ್ ಎನ್ನುತ್ತದೆ. ಮರ್ಸಿಡಿಸ್‌ನಲ್ಲಿ ಡಿನಾಮಿಕಾ ಎಂಬುದು ಬಳಕೆಯಾಗಿದೆ. ಇವುಗಳಿಗೆಲ್ಲ ಸೇರಿ ಒಂದು ಕನ್ನಡ ಜಾತಿವಾಚಕ ಬೇಕು.

ಪದ ಸಿಕ್ಕಿದ್ದು ಜೆ.ಸಿ. ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ. ಸ್ಟೀರಿಂಗಿಗೆ ಹೊಸ ಹೊದಿಕೆ ಹೊಲಿಯುವ ಒಬ್ಬರು ಹಳೆಯ ಅಲ್ಕಾಂಟಾರ ಸ್ಟೀರಿಂಗ್ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಮನೆಯಲ್ಲಿ ದಖನಿ ಮಾತಾಡುವವರು, ಅಂಗಡಿಯಲ್ಲಿ ಸೊಗಸಾದ ಬೆಂಗಳೂರು ಕನ್ನಡ. ಕೈ ಹಿಡಿಯುವ ಜಾಗವೆಲ್ಲ ಮಿರಮಿರ ಹೊಳೆಯುತ್ತಿತ್ತು. ಸವೆದುಹೋಗಿದೆಯೇ ಎಂದು ಕೇಳಿದೆ. “ಸವೆದಿಲ್ಲ ಮೇಡಂ, ಜಿಡ್ಡು. ಇದರ ಕೂದ್ಲು ಮಲಗ್ಬಿಟ್ಟಿದೆ. ಒದ್ದೆ ಬಟ್ಟೇಲಿ ಒರೆಸಿ ಬ್ರಷ್ ಆಡ್ಸಿದ್ರೆ ಎದ್ದೇಳುತ್ತೆ, ನೋಡಿ” ಎಂದು ಒಂದು ಬದಿ ಮಾಡಿಯೂ ತೋರಿಸಿದರು. ಬೆರಳು ಒಂದು ಕಡೆಗೆ ಸವರಿದರೆ ಕಡುಗಪ್ಪು, ಇನ್ನೊಂದು ಕಡೆಗೆ ಸವರಿದರೆ ಬೂದಿಗಪ್ಪು.

ಕೂದಲು ಏಳುತ್ತದೆ! ನವಿರೇಳುವುದು ಎಂದರೂ ಅದೇ ಅಲ್ಲವೇ? ಹಳಗನ್ನಡದಲ್ಲಿ ನವಿರ್ ಎಂದರೆ ಕೂದಲು, ಮೈರೋಮ. ಪುಳಕಗೊಂಡಾಗ ನವಿರೇಳುತ್ತದೆ. ಇಂದು ನಾವು ನವಿರಾದ ಭಾವ, ನವಿರಾದ ಹಾಸ್ಯ ಎನ್ನುವಾಗ ಮೂಲದ ಕೂದಲು ಮರೆತುಹೋಗಿ ಅದರ ಸೂಕ್ಷ್ಮತೆ ಮಾತ್ರ ಉಳಿದಿದೆ. ಈ ಬಟ್ಟೆಗೆ ಎರಡು ಅರ್ಥವೂ ಹೊಂದುತ್ತವೆ: ಮೇಲೆ ಕೂದಲೂ ಇದೆ, ಮುಟ್ಟಲು ಸೂಕ್ಷ್ಮವೂ ಹೌದು. ಆದ್ದರಿಂದ ನನ್ನ ಸೂಚನೆ ಇದು: ಅಲ್ಕಾಂಟಾರದ ಜಾತಿಯದು ‘ನವಿರುಬಟ್ಟೆ’, ಸ್ವೇಡ್ ‘ನವಿರುದೊಗಲು’. ಕೊನೆಯಲ್ಲಿ ಬಟ್ಟೆಯೋ ತೊಗಲೋ ಎಂದು ನೋಡಿದರೆ ಮಾವನ ಪ್ರಶ್ನೆಗೆ ಉತ್ತರ ಪದದಲ್ಲೇ ಸಿಗುತ್ತದೆ. ಮಕಮಲ್ಲು ಎಂದೇ ಏಕೆ ಬರೆಯಬಾರದು ಎಂದು ಕೇಳಬಹುದು. ಮಕಮಲ್ಲು ನೇಯ್ದ ಬಟ್ಟೆ, ಇದು ನೇಯ್ದದ್ದಲ್ಲ. ಅಲ್ಲದೆ ಮಕಮಲ್ಲು ಎಂದೊಡನೆ ಆಭರಣದ ಪೆಟ್ಟಿಗೆ ಕಣ್ಣಮುಂದೆ ಬರುತ್ತದೆ, ರೇಸ್ ಕಾರಲ್ಲ.

ಇನ್ನು ವೀಗನ್ ಚರ್ಮ, ಎಂದರೆ ಪ್ರಾಣಿಯದೇನೂ ಇಲ್ಲದ್ದು; ಅದರ ಹೆಸರು ಅತಿ ಗೊಂದಲದ್ದು. ಮರ್ಸಿಡಿಸ್‌ನ ಆರ್ಟಿಕೋ, ಬಿಎಂಡಬ್ಲ್ಯುನ ಸೆನ್ಸಾಟೆಕ್, ವೆಗಾಂಜಾ ಇವೆಲ್ಲ ಮಾನವ ನಿರ್ಮಿತ. ‘ವೀಗನ್ ಚರ್ಮ’ ಎಂಬುದನ್ನು ‘ಸಸ್ಯಾಹಾರಿ ಚರ್ಮ’ ಎಂದು ಬರೆದದ್ದನ್ನು ನೋಡಿದ್ದೇನೆ. ಹುಲ್ಲು ತಿನ್ನುವ ಹಸುವಿನ ಚರ್ಮವೂ ಆ ಹೆಸರಿಗೆ ಹೊಂದುತ್ತದೆ. ‘ಕೃತಕ ಚರ್ಮ’ ಪರವಾಗಿಲ್ಲ, ಆದರೆ ಓದುವ ಅವಸರದಲ್ಲಿ ಕೃತಕ ಬಿಟ್ಟು ಚರ್ಮ ಮಾತ್ರ ಕಣ್ಣಿಗೆ ಬೀಳುತ್ತದೆ. ನಮ್ಮ ಜನ ಈ ಸಮಸ್ಯೆಯನ್ನು ಹಿಂದೆಯೇ ಬಗೆಹರಿಸಿಕೊಂಡಿದ್ದರು. ರೆಕ್ಸಿನ್ ಇಂಗ್ಲೆಂಡಿನ ಒಂದು ಕಂಪನಿಯ ವ್ಯಾಪಾರದ ಹೆಸರು, ಹತ್ತಿಬಟ್ಟೆಗೆ ನೈಟ್ರೊಸೆಲ್ಯುಲೋಸ್ ಬಳಿದು ಮಾಡುತ್ತಿದ್ದದ್ದು. ಆ ಮೂಲವಸ್ತು ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಬಸ್ ಸೀಟು, ಸ್ಕೂಟರ್ ಸೀಟು, ಶಾಲೆಯ ಬ್ಯಾಗುಗಳಲ್ಲಿ ಹೆಸರು ಇನ್ನೂ ಬದುಕಿದೆ. ರೆಕ್ಸಿನ್ ಎಂದರೆ ಪ್ರಾಣಿಯದಲ್ಲ ಎಂದು ಹಳ್ಳಿಯ ಅಜ್ಜಿಗೂ ಗೊತ್ತು. ಲಕ್ಷಗಟ್ಟಲೆ ಬೆಲೆಯ ಕಾರಿಗೆ ರೆಕ್ಸಿನ್ ಎಂದರೆ ಮಾರುವವರು ಒಪ್ಪಲಾರರು, ನಿಜ. ಆದರೂ ಅರ್ಥ ಇಷ್ಟು ನಿಚ್ಚಳವಾಗಿರುವ ಪದವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ಎಚ್ಚರ. ಸೀಟು ಕೃತಕವಾಗಿದ್ದರೂ ಸ್ಟೀರಿಂಗಿಗೆ ಮಾತ್ರ ನಿಜವಾದ ಚರ್ಮ ಸುತ್ತಿದ ಕಾರುಗಳು ಹಲವಿವೆ. ಒಂದೇ ಸ್ಟೀರಿಂಗಿನಲ್ಲಿ ಎರಡು ಬದಿಗೆ ನವಿರುಬಟ್ಟೆ, ಮೇಲೆ ಕೆಳಗೆ ನಪ್ಪ ಇರುವುದೂ ಉಂಟು. ಹಾಗಾಗಿ ಸ್ಟೀರಿಂಗನ್ನು ಒಟ್ಟಾಗಿ ಹೆಸರಿಸಿದರೆ ಸಾಲದು, ಭಾಗ ಭಾಗವಾಗಿ ಹೇಳಬೇಕು. ಅದಕ್ಕೆ ಕೈ ಹಿಡಿಯುವ ಸುತ್ತಿಗೂ ಒಂದು ಹೆಸರು ಬೇಕಾಯಿತು. ಗಲ್ಲಿಯಲ್ಲಿ ರಿಂಗ್ ಎನ್ನುತ್ತಾರೆ. ನಾನು ‘ಬಳೆ’ ಎಂದು ಬರೆದಿದ್ದೇನೆ. ಗಡಿಯಾರದ ಒಂಬತ್ತು ಮತ್ತು ಮೂರರ ಜಾಗ ಅಂಗೈಯದು. ತೂತು ಕೊರೆದ ಚರ್ಮವನ್ನು ಅಲ್ಲಿ ಹಾಕುತ್ತಾರೆ, ಬೆವತ ಕೈಗೆ ಹಿಡಿತ ಸಿಗಲಿ ಎಂದು. ಕಾರ್ಬನ್ ಫೈಬರ್ ಅಥವಾ ಅರಗು ಬಳಿದ ಮರ ಬರುವುದು ಸಾಮಾನ್ಯವಾಗಿ ಬಳೆಯ ನೆತ್ತಿಯಲ್ಲಿ. ನೋಡಲು ಚಂದ, ಆದರೆ ನುಣುಪು. ಏಪ್ರಿಲ್ಲಿನ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿ ಬಂದರೆ ಮುಟ್ಟಲಾಗದಷ್ಟು ಕಾದಿರುತ್ತದೆ.

ನುಣುಪು, ನಯ, ಜಾರು, ಹಿಡಿತ ಎಂದೆಲ್ಲ ಬಳಸುವಾಗ ಒಂದು ಜೋಡಿಯನ್ನು ಕಾಪಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ: ಜಿಡ್ಡು ಮತ್ತು ಜಡ್ಡು. ಕೈಯಿಂದ ಸ್ಟೀರಿಂಗಿಗೆ ಹತ್ತುವುದು ಜಿಡ್ಡು; ದುಡಿದು ದುಡಿದು ಕೈಗೆ ಕಟ್ಟುವುದು ಜಡ್ಡು. ನವಿರುಬಟ್ಟೆಗೆ ಶತ್ರು ಜಿಡ್ಡು. ರೇಸಿನವರು ಕೈಗವಸು ಹಾಕಿ ಹಿಡಿಯುವುದರಿಂದ ಅವರಿಗೆ ಅದು ಒಗ್ಗುತ್ತದೆ, ಬೆಳಕನ್ನೂ ಪ್ರತಿಫಲಿಸುವುದಿಲ್ಲ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಬರಿಗೈಯಲ್ಲಿ ಗಂಟೆಗಟ್ಟಲೆ ಹಿಡಿದು ಕೂರುವವರು ವಾರಕ್ಕೊಮ್ಮೆಯಾದರೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅಂಗಡಿಯವರು ಇನ್ನೊಂದು ಮಾತೂ ಹೇಳಿದರು: ಈಗಿನ ಎಷ್ಟೋ ಕಾರುಗಳಲ್ಲಿ ಕೈ ಬಳೆಯ ಮೇಲಿದೆಯೇ ಎಂದು ಅರಿಯುವ ಸೆನ್ಸರ್ ಒಳಗೇ ಇರುತ್ತದೆ, ಮೇಲೊಂದು ದಪ್ಪ ಕವರ್ ಏರಿಸಿದರೆ ಅದಕ್ಕೆ ಕೈ ತಿಳಿಯದೆ ಹೋಗಬಹುದು. ಹಾಗಾಗಿ ಆಯ್ಕೆಯನ್ನು ಕೊಳ್ಳುವಾಗಲೇ ಸರಿಯಾಗಿ ಮಾಡಿಕೊಳ್ಳಿ, ಆಮೇಲೆ ಮುಚ್ಚಿಕೊಳ್ಳೋಣ ಎಂದುಕೊಳ್ಳಬೇಡಿ ಎಂದು.

ಸ್ಟೀರಿಂಗ್ ಎನ್ನುವುದನ್ನು ಹಾಗೇ ಉಳಿಸಿಕೊಂಡಿದ್ದೇನೆ. ಚುಕ್ಕಾಣಿ ಒಳ್ಳೆಯ ಪದ, ಹಡಗಿನೊಡನೆ ಅರಬ್ಬಿಯ ಸುಕ್ಕಾನ್ ಆಗಿ ಬಂದು ನಮ್ಮದಾದದ್ದು. ಆದರೆ ಈಗ ಅದನ್ನು ಹಿಡಿಯುವವರು ಪಕ್ಷದ ಅಧ್ಯಕ್ಷರು ಮಾತ್ರ. ಕಾರಿನ ಚುಕ್ಕಾಣಿ ಎಂದರೆ ಮಾವ ಸಂಪಾದಕೀಯ ಓದುತ್ತಿದ್ದೇನೆ ಎಂದುಕೊಂಡಾರು.

ಬಲ್ಲವರು ತಿಳಿಸಬೇಕಾದದ್ದು ಇಷ್ಟು. ಎತ್ತಿನ ಗಾಡಿಯ ಚಕ್ರದಲ್ಲಿ ಅರೆಕಾಲುಗಳು (ನಡುವಿನಿಂದ ಹೊರಟ ಕಡ್ಡಿಗಳು) ಸೇರುವ ಹೊರಸುತ್ತಿನ ಮರಕ್ಕೆ ನಿಮ್ಮ ಸೀಮೆಯಲ್ಲಿ ಏನನ್ನುತ್ತೀರಿ? ಬಳೆಗಿಂತ ಅದು ಹೊಂದಿದರೆ ಅದನ್ನೇ ಬರೆಯುತ್ತೇನೆ. ಕಂಬಳಿ ನೇಯುವ ಕಡೆಯವರು ಬಟ್ಟೆಯ ಮೇಲೆದ್ದ ಎಳೆಗೆ ನವಿರು ಎನ್ನುವುದನ್ನು ಕೇಳಿದ್ದೀರಾ, ಅಥವಾ ಬೇರೆ ಮಾತಿದೆಯೇ? ಆರ್ಟಿಕೋದಂಥದ್ದಕ್ಕೆ ರೆಕ್ಸಿನ್ ಬಿಟ್ಟು, ಚರ್ಮ ಎಂಬ ಪದವೂ ಸೇರದ ಹೆಸರೊಂದು ಹೊಳೆದರೆ ದಯವಿಟ್ಟು ಬರೆಯಿರಿ. ಮಾವ ಸೋಮವಾರ ಬೆಳಿಗ್ಗೆ ಫಾರಂ ಕೊಡಬೇಕು. ಹೊಡೆದುಹಾಕಿದ್ದ ಅಲ್ಕಾಂಟಾರದ ಮುಂದೆ ನಾನು ಪೆನ್ಸಿಲ್ಲಿನಲ್ಲಿ ‘ನವಿರುಬಟ್ಟೆ, ಪ್ರಾಣಿಯದಲ್ಲ’ ಎಂದು ಬರೆದಿಟ್ಟಿದ್ದೇನೆ.