ಕೈಯಿಂದ ಕಟ್ಟುವ ಜಾಗ್ವಾರ್ ಡಿ-ಟೈಪ್ ಪ್ರತಿಕೃತಿ: ರಿವೆಟ್ ಹೊಡೆದ ಟಬ್ ಬೇಕೇ, ಕೊಳವೆಯ ಚಾಸಿಸ್ ಸಾಕೇ?

ತಗಡು_ಸುತ್ತಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದಲ್ಲಿ ನೆಲೆಸಿರುವ ನಾನು, 1955ರಲ್ಲಿ ಗ್ರಾಹಕರಿಗಾಗಿ ತಯಾರಾದ ಮಾದರಿಯ ಜಾಗ್ವಾರ್ ಡಿ-ಟೈಪ್ ರೇಸ್ ಕಾರಿನ ಪ್ರತಿಕೃತಿಯನ್ನು ನನ್ನ ಗ್ಯಾರೇಜಿನಲ್ಲೇ ಕಟ್ಟಲು ಸಿದ್ಧತೆ ನಡೆಸಿದ್ದೇನೆ. ಜಾಗ್ವಾರ್‌ನದೇ ಮೊದಲ ಸರಣಿಯ ಎಕ್ಸ್‌ಜೆ6 ಕಾರೊಂದರಿಂದ ತೆಗೆದ 4.2 ಲೀಟರ್ ಎಂಜಿನ್ ಮತ್ತು ಅದೇ ಕಾರಿನ ಹಿಂಬದಿ ಸಸ್ಪೆನ್ಷನ್ ನನ್ನ ಬಳಿ ಇವೆ. ಹೊರಮೈಯನ್ನು ಅಲ್ಯೂಮಿನಿಯಂ ತಗಡಿನಲ್ಲೇ ಮಾಡಬೇಕೆಂಬುದು ನಿಶ್ಚಯವಾಗಿದೆ.

ನಾನು ತೀರ್ಮಾನಿಸಲಾಗದೆ ಉಳಿದಿರುವುದು ಒಳಗಿನ ರಚನೆಯ ವಿಷಯ. ಮೂಲ ಕಾರಿನ ನಡುಭಾಗವು ತಗಡುಗಳನ್ನು ರಿವೆಟ್ ಮಾಡಿ ಕಟ್ಟಿದ ಮಾನೊಕಾಕ್ ಟಬ್ (ತಗಡಿನ ಕವಚವೇ ಭಾರ ಹೊರುವ, ತೊಟ್ಟಿಯಂಥ ರಚನೆ) ಆಗಿತ್ತು. ಇಂದು ಕಾಣಸಿಗುವ ಅನೇಕ ಪ್ರತಿಕೃತಿಗಳಲ್ಲಾದರೋ ಉಕ್ಕಿನ ಕೊಳವೆಗಳ ಚಾಸಿಸ್ ಇದ್ದು, ಅದರ ಮೇಲೆ ಹೊರಮೈಯನ್ನು ಕೂರಿಸಿರುತ್ತಾರೆ. ಟಬ್ ಕಟ್ಟುವ ಶ್ರಮವನ್ನು ಕೈಗೊಳ್ಳುವುದು ಯೋಗ್ಯವೇ? ಕಾರನ್ನು ರಸ್ತೆಯಲ್ಲಿ ಓಡಿಸುವ ಉದ್ದೇಶವೂ ಇರುವುದರಿಂದ, ನೋಂದಣಿಯ ಬಗ್ಗೆ ಬಲ್ಲವರು ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಬಲ್ಕ್‌ಹೆಡ್

ನಮಸ್ಕಾರ. ನಿಮ್ಮ ಪ್ರಶ್ನೆಗೆ ಉತ್ತರ ಟಬ್‌ನಲ್ಲಿಲ್ಲ, ನೀವು ಈಗಾಗಲೇ ಕೊಂಡಿರುವ ಹಿಂಬದಿ ಸಸ್ಪೆನ್ಷನ್‌ನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮೊದಲು ಆಕ್ಸಲ್ ಯಾವುದೆಂದು ನಿರ್ಧರಿಸಿ, ಚಾಸಿಸ್ ಯಾವುದೆಂಬುದು ಆಗ ತಾನಾಗಿಯೇ ತೀರ್ಮಾನವಾಗುತ್ತದೆ.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಿ-ಟೈಪ್‌ನ ಆಕಾರವನ್ನು ರೂಪಿಸಿದ ಮಾಲ್ಕಮ್ ಸೇಯರ್ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ದುಡಿದು ಜಾಗ್ವಾರ್‌ಗೆ ಬಂದವರು, ಮತ್ತು ಆ ಕಾರಿನ ಮೈಕಟ್ಟಿನಲ್ಲಿ ವಿಮಾನದ ಕಸುಬು ಎದ್ದು ಕಾಣುತ್ತದೆ. ಚಾಲಕ ಕೂರುವ ನಡುಭಾಗದ ಟಬ್ಬೇ ಕಾರಿನ ಬೆನ್ನೆಲುಬು. ಅದರ ಮುಂದೆ ಎಂಜಿನ್ ಮತ್ತು ಮುಂಬದಿ ಸಸ್ಪೆನ್ಷನ್ ಹೊರುವ ಕೊಳವೆಗಳ ಚೌಕಟ್ಟು ಇರುತ್ತದೆ. 1954ರ ಕಾರುಗಳಲ್ಲಿ ಈ ಚೌಕಟ್ಟನ್ನು ಟಬ್‌ಗೆ ಬೆಸೆದಿದ್ದರು. 1955ರಿಂದ ಉಕ್ಕಿನ ಚೌಕಟ್ಟನ್ನು ಬೋಲ್ಟ್ ಹಾಕಿ ಕೂರಿಸಿದ್ದರಿಂದ ಅಪಘಾತವಾದಾಗ ಬಿಚ್ಚಿ ದುರಸ್ತಿ ಮಾಡುವುದು ಸುಲಭವಾಯಿತು. ಹಿಂದಿನ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳನ್ನು ಒಂದಾಗಿ ಜೋಡಿಸುವ ಅಚ್ಚು) ಅನ್ನು ಹಿಡಿದಿಡುವ ಉದ್ದ ಪಟ್ಟಿಗಳು ಮತ್ತು ಅಡ್ಡಲಾಗಿ ಕೂತು, ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಷನ್ ಬಾರ್, ಇವೆಲ್ಲದರ ಭಾರ ನೇರವಾಗಿ ಟಬ್‌ನ ಹಿಂದಿನ ಬಲ್ಕ್‌ಹೆಡ್‌ಗೆ, ಅಂದರೆ ಅಡ್ಡಗೋಡೆಗೆ, ಇಳಿಯುತ್ತದೆ. ಅದರಾಚೆಗೆ ಬಾಲದಂತೆ ಚಾಚಿರುವ ಭಾಗವು ಪೆಟ್ರೋಲ್ ತುಂಬುವ ರಬ್ಬರ್ ಚೀಲಗಳನ್ನೂ ಹೆಚ್ಚುವರಿ ಚಕ್ರವನ್ನೂ ಹೊತ್ತುಕೊಂಡಿರುವ ಹಗುರ ಕವಚವೇ ಹೊರತು ಸಸ್ಪೆನ್ಷನ್‌ನ ಬಲವನ್ನು ತಾಳುವ ರಚನೆಯಲ್ಲ.

ಈಗ ಎಕ್ಸ್‌ಜೆ6ರ ಹಿಂಬದಿ ಸಸ್ಪೆನ್ಷನ್ ನೋಡಿ. ಅದು ಉಕ್ಕಿನ ಪಂಜರವೊಂದರಲ್ಲಿ ಡಿಫರೆನ್ಷಿಯಲ್, ಬ್ರೇಕ್ ಮತ್ತು ಸ್ಪ್ರಿಂಗ್‌ಗಳನ್ನು ಒಟ್ಟಾಗಿ ಹೊತ್ತಿರುವ ಭಾರವಾದ ಘಟಕ, ಮತ್ತು ಆ ಪಂಜರವನ್ನು ಮೇಲಿನಿಂದ ತೂಗುಹಾಕಲು ಬಲವಾದ ಆಧಾರ ಬೇಕು. ಮೂಲ ಡಿ-ಟೈಪ್‌ನಲ್ಲಿ ಅಂಥ ಆಧಾರ ಇರಬೇಕಾದ ಜಾಗದಲ್ಲಿ ಬರೀ ಬಾಲದ ತಗಡಿದೆ. ಆದ್ದರಿಂದಲೇ ಎಕ್ಸ್‌ಜೆ6ರ ಭಾಗಗಳನ್ನು ಬಳಸುವ ಪ್ರತಿಕೃತಿಗಳಿಗೆ ಮುಂದಿನಿಂದ ಹಿಂದಿನವರೆಗೆ ಓಡುವ ಕೊಳವೆಯ ಚಾಸಿಸ್ ಸಹಜವಾಗಿ ಹೊಂದಿಕೊಳ್ಳುತ್ತದೆ. ಅಗಲದ ತೊಡಕೂ ಇದೆ: ಡಿ-ಟೈಪ್‌ನ ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 1.2 ಮೀಟರ್, ಎಕ್ಸ್‌ಜೆ6ರದು ಸುಮಾರು 1.5 ಮೀಟರ್. ಅಂದರೆ ಕೆಳಗಿನ ತೋಳುಗಳನ್ನೂ ಡ್ರೈವ್‌ಶಾಫ್ಟ್‌ಗಳನ್ನೂ ಮೊಟಕುಗೊಳಿಸದೆ ಆ ಘಟಕ ಹೊರಮೈಯೊಳಗೆ ಕೂರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಘಟಕವನ್ನು ಮಾರಿ, ಗಟ್ಟಿ ಆಕ್ಸಲ್ ಒಂದನ್ನು ಹುಡುಕಿ, ಅದನ್ನು ಅಳತೆಗೆ ಕಿರಿದುಗೊಳಿಸಿಕೊಂಡು, ಟಬ್ಬನ್ನೇ ಕಟ್ಟುತ್ತಿದ್ದೆ. ಹೊರಗಿನ ಆಕಾರವನ್ನು ಯಾವ ಚಾಸಿಸ್ ಮೇಲಾದರೂ ಹೊದಿಸಬಹುದು. ಆದರೆ 1955, 1956 ಮತ್ತು 1957ರಲ್ಲಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸನ್ನು ಸತತವಾಗಿ ಗೆದ್ದ ಕಾರು ಯಾವುದರಿಂದ ಡಿ-ಟೈಪ್ ಆಯಿತೋ ಆ ಗುಣ ಇರುವುದು ಟಬ್‌ನಲ್ಲಿ. ಕೈಯಿಂದಲೇ ಕಟ್ಟುವ ಸಂಕಲ್ಪ ಮಾಡಿದವರು ಅದನ್ನು ಬಿಟ್ಟುಕೊಡಬಾರದು ಎಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಆರು_ಸಿಲಿಂಡರ್

ಮೇಲಿನ ಸದಸ್ಯರು ಆಕ್ಸಲ್ ಬಗ್ಗೆ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಟಬ್ ಇಲ್ಲದ ಡಿ-ಟೈಪ್ ಪ್ರತಿಕೃತಿಗೆ ಬೆಲೆಯೇ ಇಲ್ಲವೆಂಬ ಧ್ವನಿಯನ್ನು ಒಪ್ಪಲಾರೆ. ಸರಿಯಾಗಿ ತ್ರಿಕೋನಗಳಲ್ಲಿ ಹೆಣೆದ ಕೊಳವೆಯ ಚಾಸಿಸ್ ಗಟ್ಟಿಯಾದದ್ದು, ಮತ್ತು ಒಬ್ಬರೇ ಕೆಲಸ ಮಾಡುವ ಗ್ಯಾರೇಜಿನಲ್ಲಿ ಅದರ ಬೆಸುಗೆಗಳನ್ನು ಕಣ್ಣಾರೆ ಪರಿಶೀಲಿಸುವುದು ಮುಚ್ಚಿದ ತಗಡಿನ ಪೆಟ್ಟಿಗೆಯ ಒಳಗಿನ ರಿವೆಟ್‌ಗಳನ್ನು ಪರಿಶೀಲಿಸುವುದಕ್ಕಿಂತ ಸುಲಭ. 1951 ಮತ್ತು 1953ರಲ್ಲಿ ಲೆ ಮಾನ್ಸ್ ಗೆದ್ದ, ಡಿ-ಟೈಪ್‌ಗಿಂತ ಹಿಂದಿನ ಜಾಗ್ವಾರ್ ಸಿ-ಟೈಪ್‌ನದೂ ಕೊಳವೆಯ ಚಾಸಿಸ್ಸೇ ಆಗಿತ್ತು.

ನೀವು ಕೇಳದಿದ್ದರೂ ಎಂಜಿನ್ ಎತ್ತರದ ಬಗ್ಗೆ ಎಚ್ಚರಿಸಬೇಕು. ಡಿ-ಟೈಪ್‌ನಲ್ಲೂ ನಿಮ್ಮ ಎಕ್ಸ್‌ಜೆ6ರಲ್ಲೂ ಇರುವ ಎಕ್ಸ್‌ಕೆ ಎಂಜಿನ್‌ನಲ್ಲಿ ಪಿಸ್ಟನ್ ಚಲಿಸುವ ದೂರ 3.4, 3.8 ಮತ್ತು 4.2 ಲೀಟರ್ ಮೂರರಲ್ಲೂ 106 ಮಿಲಿಮೀಟರ್ ಇರುವುದರಿಂದ, 4.2 ಬಳಸಿದಿರೆಂಬ ಕಾರಣಕ್ಕೆ ಎತ್ತರ ಬದಲಾಗದು. ಸಮಸ್ಯೆ ಇರುವುದು ಎಂಜಿನ್ ಕೆಳಗೆ ಆಯಿಲ್ ಶೇಖರವಾಗುವ ತೊಟ್ಟಿಯಲ್ಲಿ, ಅಂದರೆ ಸಂಪ್‌ನಲ್ಲಿ. ಡಿ-ಟೈಪ್‌ನಲ್ಲಿ ಡ್ರೈ ಸಂಪ್ ವ್ಯವಸ್ಥೆ ಅಳವಡಿಸಿ, ಆಯಿಲನ್ನು ಬೇರೆ ಟ್ಯಾಂಕಿನಲ್ಲಿಟ್ಟು, ಎಂಜಿನ್ನನ್ನು ಸುಮಾರು 8 ಡಿಗ್ರಿ ವಾಲಿಸಿದ್ದರಿಂದಲೇ ಆ ತಗ್ಗು ಬಾನೆಟ್ ಸಾಧ್ಯವಾಯಿತು. ಎಕ್ಸ್‌ಜೆ6ರ ಸಂಪ್ ಇರುವಂತೆಯೇ ಕೂರಿಸಿದರೆ ಒಂದೋ ಬಾನೆಟ್ ಉಬ್ಬಿಸಬೇಕು, ಇಲ್ಲವೇ ಸಂಪ್ ನೆಲಕ್ಕೆ ತಾಗುವಷ್ಟು ಕೆಳಗಿಳಿಯುತ್ತದೆ. ತಗಡಿನ ಕೆಲಸಕ್ಕೆ ಮರದ ಅಚ್ಚು ಮಾಡುವ ಮೊದಲೇ ಎಂಜಿನ್ನನ್ನು ನಿಜವಾದ ಸ್ಥಾನದಲ್ಲಿ ನಿಲ್ಲಿಸಿ, ಕ್ಯಾಮ್ ಕವರ್‌ಗಳ ಮೇಲಿನ ಅಂತರವನ್ನು ಅಳೆಯಿರಿ.

ನೋಂದಣಿ_ಕಡತ

ರಸ್ತೆಯ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಕಟ್ಟಿದ ಟಬ್ ಆಗಲಿ, ಹೊಸ ಚಾಸಿಸ್ ಆಗಲಿ, ಬ್ರಿಟನ್ನಿನಲ್ಲಿ ಐವಿಎ ಪರೀಕ್ಷೆಯಲ್ಲಿ (ವಾಹನವನ್ನು ಒಂದೊಂದಾಗಿ ಪರಿಶೀಲಿಸಿ ರಸ್ತೆಗೆ ಅನುಮೋದಿಸುವ ಪರೀಕ್ಷೆ) ತೇರ್ಗಡೆಯಾಗಲೇಬೇಕು. ಈ ದೃಷ್ಟಿಯಿಂದ ಎರಡರ ನಡುವೆ ವ್ಯತ್ಯಾಸವಿಲ್ಲ. ಡಿ-ಟೈಪ್‌ನಂಥ ಆಕಾರಕ್ಕೆ ಕಷ್ಟ ತರುವುದು ಹೊರಚಾಚುಗಳ ನಿಯಮ. 100 ಮಿಲಿಮೀಟರ್ ವ್ಯಾಸದ ಗೋಲವೊಂದು ಹೊರಮೈಯಲ್ಲಿ ತಾಗಬಹುದಾದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಾಗಿರಬೇಕೆಂದು ಅದು ಕೇಳುತ್ತದೆ. ತಗಡಿನ ಅಂಚನ್ನು ಕತ್ತರಿಸಿ ಹಾಗೆಯೇ ಬಿಡದೆ, ಒಳಗೆ ತಂತಿಯಿಟ್ಟು ಮಡಿಚುವ ಹಳೆಯ ಕ್ರಮವನ್ನೇ ಅನುಸರಿಸಿದರೆ ಅಂದಕ್ಕೂ ಒಳ್ಳೆಯದು, ಪರೀಕ್ಷೆಗೂ ಅನುಕೂಲ. ಮೂಲ ಕಾರಿನಲ್ಲಿಲ್ಲದ ಸೀಟ್ ಬೆಲ್ಟ್ ಮತ್ತು ಹಿಂಬದಿಯ ಮಂಜು ದೀಪಕ್ಕೆ ಜಾಗವನ್ನು ಆರಂಭದಲ್ಲೇ ಗುರುತಿಸಿಕೊಳ್ಳಿ. ಬೆಲ್ಟ್‌ನ ಹಿಡಿಗಳನ್ನು ತೆಳು ತಗಡಿನ ಟಬ್‌ಗೆ ಆಮೇಲೆ ಸೇರಿಸುವುದು ಬಹಳ ತ್ರಾಸದ ಕೆಲಸ.

ಹೊಗೆಯ ಪರೀಕ್ಷೆ ಎಂಜಿನ್ನಿನ ವಯಸ್ಸನ್ನು ಅವಲಂಬಿಸಿರುತ್ತದೆ. ಮೊದಲ ಸರಣಿಯ ಎಕ್ಸ್‌ಜೆ6 ಬಂದದ್ದು 1968ರಲ್ಲಿ. ನಿಮ್ಮ ಎಂಜಿನ್ 1975ರ ಆಗಸ್ಟ್‌ಗಿಂತ ಹಿಂದಿನದೆಂದು ದಾಖಲೆಯಿಂದ ತೋರಿಸಿದರೆ ಕಣ್ಣಿಗೆ ಕಾಣುವ ಹೊಗೆಯನ್ನಷ್ಟೇ ನೋಡುತ್ತಾರೆ. ಎಂಜಿನ್ ಸಂಖ್ಯೆ ಕೊಟ್ಟು ಬರಹದ ದಾಖಲೆಯನ್ನು ಈಗಲೇ ಪಡೆದಿಟ್ಟುಕೊಳ್ಳಿ. ಹಳೆಯ, ಬೇರೆಬೇರೆ ವಯಸ್ಸಿನ ಭಾಗಗಳು ಸೇರಿದ ಕಾರಿಗೆ ಕ್ಯೂ ಅಕ್ಷರದ ನೋಂದಣಿ ಸಂಖ್ಯೆ (ವಯಸ್ಸು ಅಥವಾ ಮೂಲ ಖಚಿತವಿಲ್ಲದ ವಾಹನಕ್ಕೆ ಕೊಡುವಂಥದ್ದು) ಸಿಗುವ ಸಾಧ್ಯತೆಯೇ ಹೆಚ್ಚು. ಕೆಲವರು ಅದನ್ನು ಕಳಂಕವೆಂದು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕಾರಿನ ಬಗ್ಗೆ ಇರುವ ಸತ್ಯವನ್ನೇ ಹೇಳುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ನಿಮ್ಮ ಟಬ್ ಎಷ್ಟೇ ನಿಖರವಾಗಿ ಬಂದರೂ ಎಕ್ಸ್‌ಕೆಡಿ ಎಂದು ಆರಂಭವಾಗುವ ಮೂಲ ಚಾಸಿಸ್ ಸಂಖ್ಯೆಯನ್ನು ಅದರ ಮೇಲೆ ಕೊರೆಯಬೇಡಿ, ಅಲಂಕಾರಕ್ಕೂ ಬೇಡ. ಮುಂದಿನ ಚೌಕಟ್ಟು ಬಿಚ್ಚಲು ಬರುತ್ತಿದ್ದ ಈ ಕಾರುಗಳಲ್ಲಿ ಭಾಗಗಳು ಒಂದರಿಂದ ಇನ್ನೊಂದಕ್ಕೆ ಹೋಗಿ, ಯಾವುದು ಮೂಲವೆಂಬ ವಿವಾದಗಳು ಎದ್ದಿವೆ. ಸ್ವತಃ ಜಾಗ್ವಾರ್ 2018ರಲ್ಲಿ, 1955ರಲ್ಲಿ ಯೋಜಿಸಿದ್ದ 100ರಲ್ಲಿ ಬಾಕಿ ಉಳಿದ 25 ಡಿ-ಟೈಪ್‌ಗಳನ್ನು ಕಟ್ಟುವುದಾಗಿ ಪ್ರಕಟಿಸಿದಾಗಲೂ ಅವುಗಳನ್ನು ಹಳೆಯ ಕಾರುಗಳೆಂದು ಕರೆಯಲಿಲ್ಲ, ಮುಂದುವರಿಕೆಯ ಕಾರುಗಳೆಂದೇ ಹೇಳಿತು.

ತಗಡು_ಸುತ್ತಿಗೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಂದಿನ ಬಲ್ಕ್‌ಹೆಡ್ ಮತ್ತು ಆಕ್ಸಲ್‌ಗಿರುವ ಸಂಬಂಧ ನನಗೆ ಹೊಳೆದೇ ಇರಲಿಲ್ಲ. ಎಕ್ಸ್‌ಜೆ6ರ ಹಿಂಬದಿ ಘಟಕವನ್ನು ಬಿಟ್ಟು, ಗಟ್ಟಿ ಆಕ್ಸಲ್ ಮತ್ತು ಟಬ್ಬಿನ ದಾರಿಯನ್ನೇ ಹಿಡಿಯಲು ನಿರ್ಧರಿಸಿದ್ದೇನೆ. ಅಲ್ಯೂಮಿನಿಯಂ ತಗಡನ್ನು ಮೆದುಗೊಳಿಸುವಾಗ ಅದು ಉಕ್ಕಿನಂತೆ ಕೆಂಪಾಗುವುದಿಲ್ಲವಾದ್ದರಿಂದ ಹದ ತಿಳಿಯುವುದು ಹೇಗೆಂದು ದಯವಿಟ್ಟು ತಿಳಿಸಿ.

ಬಲ್ಕ್‌ಹೆಡ್

ಬಹಳ ಸಂತೋಷವಾಯಿತು. ತಗಡಿನ ಮೇಲೆ ಸಾಮಾನ್ಯ ಬಟ್ಟೆ ಸೋಪನ್ನು ಉಜ್ಜಿ, ಮೆದುವಾದ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಕಾಯಿಸಿ. ಸೋಪಿನ ಗೆರೆಗಳು ಕಡುಕಂದು ಬಣ್ಣಕ್ಕೆ ತಿರುಗಿದೊಡನೆ ಜ್ವಾಲೆಯನ್ನು ಸರಿಸಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಯಾವ ಬಣ್ಣದ ಸೂಚನೆಯನ್ನೂ ಕೊಡದೆ ಕುಸಿಯುತ್ತದೆ. ಹೊರಮೈಯ ಜೋಡಣೆಗಳಿಗೆ ಟಿಗ್ ಎಂಬ ವಿದ್ಯುತ್ ಬೆಸುಗೆಗಿಂತ ಗ್ಯಾಸ್ ಬೆಸುಗೆಯನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಅದರ ಗೆರೆ ಮೆದುವಾಗಿ ಉಳಿದು ಸುತ್ತಿಗೆಗೆ ಬಗ್ಗುತ್ತದೆ. ಬೆಸುಗೆಗೆ ಮೊದಲು ಹಚ್ಚುವ ರಾಸಾಯನಿಕ ಲೇಪವಾದ ಫ್ಲಕ್ಸ್ ಮಾತ್ರ ಲೋಹವನ್ನು ತಿನ್ನುವುದರಿಂದ ಎರಡೂ ಬದಿಯನ್ನು ಬಿಸಿನೀರು ಮತ್ತು ಬ್ರಷ್‌ನಿಂದ ತೊಳೆಯಬೇಕು.

ಟಬ್‌ನ ರಿವೆಟ್‌ಗಳ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಹೊಡೆಯುವ ಮೊದಲು ತಗಡಿನಿಂದ ಹೊರಗೆ ಉಳಿದ ಭಾಗ ರಿವೆಟ್‌ನ ವ್ಯಾಸದ ಒಂದೂವರೆ ಪಟ್ಟು ಇರಲಿ. ಹೊಡೆದ ಮೇಲೆ ಮೂಡುವ ತಲೆಯ ಅಗಲ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಬಂದರೆ ರಿವೆಟ್ ಸರಿಯಾಗಿ ಕೂತಿದೆ ಎಂದರ್ಥ. ಉಕ್ಕಿನ ಮುಂಬದಿ ಚೌಕಟ್ಟು ಟಬ್‌ಗೆ ತಾಗುವ ಪ್ರತಿಯೊಂದು ಜಾಗದಲ್ಲೂ ನಡುವೆ ರಕ್ಷಕ ಲೇಪ ಹಚ್ಚಿಯೇ ಬೋಲ್ಟ್ ಬಿಗಿಯಿರಿ, ಇಲ್ಲದಿದ್ದರೆ ತೇವ ಸೇರಿದಾಗ ಅಲ್ಯೂಮಿನಿಯಂ ಅಲ್ಲಿಂದಲೇ ಸವೆಯಲು ತೊಡಗುತ್ತದೆ.