ನಲವತ್ತೊಂದು ಕಾರ್ಡ್, ಒಂದೇ ಮುಖ

ಗುಂಪು: ಸಿಎಸ್ 2004–08, ಡಿಸೆಂಬರ್ ಗೆಟ್‌ಟುಗೆದರ್
ಶನಿವಾರ, ರಾತ್ರಿ 9:12

ದೀಪಾ: (ಸ್ಕ್ರೀನ್‌ಶಾಟ್)
ದೀಪಾ: ರಘು, ನಿನ್ನ ಸೈಟಿನಲ್ಲಿ "ಬರುವವರು" ಪುಟ ತೆರೆದೆ. 41 ಜನ. 41 ಜನವೂ ನಾನೇ!

ಇರ್ಫಾನ್: ನನಗೆ 41 ಇರ್ಫಾನ್ ಕಾಣಿಸುತ್ತಿದ್ದಾರೆ. ಬಿರಿಯಾನಿ ಸಾಲುವುದಿಲ್ಲ.

ಗಿರೀಶ: ನನಗೆ ಇನ್ನೂ ಪುಟವೇ ಬಂದಿಲ್ಲ ಮಾರಾಯ. ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗಿದ್ದೇನೆ.

ರಘು: ನಿನ್ನೆ ಸರಿ ಇತ್ತಲ್ಲ! "ಎಲ್ಲರೂ" ಪುಟ ನೋಡಿ. ಅಲ್ಲಿ ಸರಿ ಇದೆ.

ದೀಪಾ: ಅಲ್ಲಿ ಸರಿ ಇದೆ. ಇಲ್ಲಿ ಮಾತ್ರ ನಾನು.

ಶ್ವೇತಾ: ರಘು, ಒಬ್ಬೊಬ್ಬರ ಕಾರ್ಡ್ ಹೇಗೆ ಹಾಕಿದ್ದೀಯ? ಇನ್‌ಕ್ಲೂಡಾ?

ರಘು: ಹೌದು. ಸೈಟ್ ಪೈಥಾನಿನ ಫ್ಲಾಸ್ಕ್, ಪುಟಗಳ ಅಚ್ಚು ಜಿಂಜಾ. ಕಾರ್ಡ್‌ಗೆ ಒಂದೇ ಫೈಲ್, ಬೇಕಾದ ಕಡೆ ಅದನ್ನೇ ಒಳಗೆ ಸೇರಿಸುವ ಇನ್‌ಕ್ಲೂಡ್. ನೀವೇ ಹೇಳಿದ್ದಲ್ವಾ, ಕಾಪಿ ಪೇಸ್ಟ್ ಮಾಡಬೇಡ ಅಂತ.

ಶ್ವೇತಾ: ಆ ಫೈಲಿನ ಒಳಗೆ ಹೆಸರು ಎಲ್ಲಿಂದ ತೆಗೆದುಕೊಳ್ಳುತ್ತೀಯ?

ರಘು: ಯೂಸರ್ ಡಾಟ್ ನೇಮ್.

ಶ್ವೇತಾ: "ಬರುವವರು" ಪುಟದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುವ ಲೂಪಿನಲ್ಲಿ ವೇರಿಯಬಲ್ ಹೆಸರು?

ರಘು: ಎಂ. ಮೆಂಬರ್ ಅಂತ.
ರಘು: ಅಯ್ಯೋ.

ಶ್ವೇತಾ: ಸಿಕ್ಕಿತಾ? ಇನ್‌ಕ್ಲೂಡ್ ಮಾಡಿದ ಫೈಲಿಗೆ ಹೊರಗಿನ ಪುಟದ ವೇರಿಯಬಲ್‌ಗಳೆಲ್ಲ ಕಾಣಿಸುತ್ತವೆ. "ಎಲ್ಲರೂ" ಪುಟದ ಲೂಪಿನಲ್ಲಿ ಯೂಸರ್ ಅಂತಲೇ ಇತ್ತು, ಅದೃಷ್ಟಕ್ಕೆ ಹೊಂದಿಕೊಂಡಿತು. ಇಲ್ಲಿ ಎಂ. ಆಗ ಯೂಸರ್ ಅಂದರೆ ಯಾರು?

ರಘು: ಲಾಗಿನ್ ಆದವರು. ಹೆಡರಿನಲ್ಲಿ "ನಮಸ್ಕಾರ ದೀಪಾ" ಅಂತ ತೋರಿಸಲು ಎಲ್ಲ ಪುಟಗಳಿಗೂ ವೇರಿಯಬಲ್ ಹಂಚುವ ಕಾಂಟೆಕ್ಸ್ಟ್ ಪ್ರೊಸೆಸರಿನಲ್ಲಿ ನಾನೇ ಕೊಟ್ಟಿದ್ದೇನೆ.

ಶ್ವೇತಾ: ಆ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಚೆನ್ನಾಗಿತ್ತು. ಯೂಸರ್ ಡಾಟ್ ನೇಮ್ ಅಂದ ತಕ್ಷಣ ಎರರ್ ಬಂದು ಐದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬೇರೆ ಯಾರೋ ಅದೇ ಹೆಸರಿನಲ್ಲಿ ಕೂತಿದ್ದರು, ಅದಕ್ಕೇ ಸುಮ್ನೆ ನಡೆದುಹೋಯಿತು.

ನವೀನ: ಈ ಕಾಲದಲ್ಲೂ ಜಿಂಜಾ ಬರೆಯುತ್ತೀರಾ? ಜಾವಾಸ್ಕ್ರಿಪ್ಟಿನ ರಿಯಾಕ್ಟ್ ಹಾಕಿದ್ದರೆ ಕಾಂಪೊನೆಂಟಿಗೆ ಬೇಕಾದ್ದನ್ನು ಪ್ರಾಪ್ಸ್ ಅಂತ ನಾವೇ ಕೈಯಾರೆ ಕೊಡುತ್ತಿದ್ದೆವು.

ಶ್ವೇತಾ: ಪ್ರಾಪ್ಸ್ ವಿಷಯ ಸರಿ. ಅದಕ್ಕೆ ರಿಯಾಕ್ಟೇ ಬೇಕು ಅಂತಿಲ್ಲ. ಜಿಂಜಾದಲ್ಲಿ ಮ್ಯಾಕ್ರೋ ಇದೆ, ಬೇಕಾದ್ದನ್ನು ಕೊಟ್ಟು ಕರೆಯುವ ತುಣುಕು.

ಗಿರೀಶ: ಈಗ ಬಂತು ಪುಟ. 41 ಗಿರೀಶ. ನವೀನ, ನೀನು ಮೊದಲು ಒಂದು ಮೂಟೆ ಜಾವಾಸ್ಕ್ರಿಪ್ಟ್ ಕಳಿಸಿ, ಅದು ಬಂದಮೇಲೆ ಹೆಸರು ತೋರಿಸುತ್ತೀಯ. ನನ್ನ ಒಂದು ಕಡ್ಡಿ ಸಿಗ್ನಲ್ಲಿಗೆ ರಘುವಿನ ಬರೀ ಎಚ್‌ಟಿಎಂಎಲ್ಲೇ ವಾಸಿ.

ನವೀನ: ರಿಯಾಕ್ಟನ್ನೂ ಸರ್ವರಿನಲ್ಲೇ ರೆಂಡರ್ ಮಾಡಿ ಕಳಿಸಬಹುದು ಗುರು.

ಗಿರೀಶ: ಇಡೀ ಕ್ಲಾಸಿನ 62 ಜನರ ಫೋನ್ ನಂಬರ್ ಪಟ್ಟಿಗೆ?

ನವೀನ: ...ಸರಿ ಬಿಡು.

ರಘು: ಶ್ವೇತಾ, ಮ್ಯಾಕ್ರೋ ಗೊತ್ತು ನನಗೆ. ಪ್ರತಿ ಪುಟದ ಮೇಲೆ ಅದನ್ನು ತರಿಸುವ ಇಂಪೋರ್ಟ್ ಸಾಲು, ಆಮೇಲೆ ಕರೆಯುವಾಗ ಕೊಡುವ ಆರ್ಗ್ಯುಮೆಂಟ್. ಇನ್‌ಕ್ಲೂಡ್ ಅಂದರೆ ಒಂದೇ ಸಾಲು ಕಣೇ. ಲೂಪಿನಲ್ಲಿ ಎಂ ಬದಲು ಯೂಸರ್ ಅಂತ ಮಾಡಿದರೆ ಮುಗಿಯಿತಲ್ಲ?

ಶ್ವೇತಾ: ಇವತ್ತಿಗೆ ಮುಗಿಯಿತು. ನಾಳೆ ಮೇಷ್ಟ್ರುಗಳ ಪುಟ ಬರೆಯುವವನು ಟೀಚರ್ ಅಂತ ಲೂಪ್ ಬರೆಯುತ್ತಾನೆ. ಕಾರ್ಡಿಗೆ ಏನು ಬೇಕು ಅಂತ ತಿಳಿಯಲು ಕಾರ್ಡಿನ ಫೈಲ್ ಪೂರ್ತಿ ಓದಬೇಕು. ಮ್ಯಾಕ್ರೋದಲ್ಲಿ ಮೊದಲ ಸಾಲಿನಲ್ಲೇ ಬರೆದಿರುತ್ತದೆ: ವ್ಯಕ್ತಿ, ಫೋಟೋ ಅಳತೆ. ಇಂಪೋರ್ಟ್ ಮಾಡಿದ ಫೈಲಿಗೆ ಹೊರಗಿನ ಪುಟದ ವೇರಿಯಬಲ್ ತಾನಾಗಿ ಕಾಣಿಸುವುದಿಲ್ಲ. ಕೊಟ್ಟಿದ್ದು ಮಾತ್ರ ಸಿಗುತ್ತದೆ.

ರಘು: ಹಾಗಾದರೆ ಇನ್‌ಕ್ಲೂಡ್ ಯಾಕೆ ಇಟ್ಟಿದ್ದಾರೆ?

ಶ್ವೇತಾ: ಫೂಟರಿಗೆ. ಎಲ್ಲ ಕಡೆ ಒಂದೇ ತರಹ ಇರುವುದಕ್ಕೆ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ನೆನಪಿದೆಯಾ? ಪಿಎಚ್‌ಪಿ. ಹೆಡರ್ ಫೈಲಿನಲ್ಲಿ ಡಿವ್ ಟ್ಯಾಗ್ ತೆರೆಯುವುದು, ಫೂಟರ್ ಫೈಲಿನಲ್ಲಿ ಮುಚ್ಚುವುದು. ವೈವಾ ಹಿಂದಿನ ರಾತ್ರಿ ಯಾರೋ ಫೂಟರಿನಲ್ಲಿ ಒಂದು ಡಿವ್ ಅಳಿಸಿ...

ಇರ್ಫಾನ್: ಯಾರೋ ಅಲ್ಲ, ನಾನು. ಪುಟ ಪೂರ್ತಿ ಎಡಕ್ಕೆ ವಾಲಿತ್ತು. ಎಕ್ಸ್‌ಟರ್ನಲ್ ಎಕ್ಸಾಮಿನರ್ ಅದನ್ನೇ ಡಿಸೈನ್ ಅಂದುಕೊಂಡರು.

ಶ್ವೇತಾ: ಅದಕ್ಕೇ ಜಿಂಜಾದಲ್ಲಿ ಎಕ್ಸ್‌ಟೆಂಡ್ಸ್, ಬ್ಲಾಕ್. ಇಡೀ ಪುಟದ ಚೌಕಟ್ಟು ಒಂದೇ ಫೈಲಿನಲ್ಲಿ, ತೆರೆದ ಟ್ಯಾಗ್ ಅಲ್ಲೇ ಮುಚ್ಚುತ್ತದೆ. ನಡುವಿನ ಜಾಗ ಮಾತ್ರ ಪುಟದವರು ತುಂಬುತ್ತಾರೆ.

ದೀಪಾ: ನೀವು ಮಾತಾಡಿಕೊಳ್ಳಿ. ನಾನು ಇನ್ನೂ 41 ಜನ ಇದ್ದೇನೆ.

ರಾತ್ರಿ 10:40

ರಘು: ಮ್ಯಾಕ್ರೋ ಮಾಡಿದೆ. ಈಗ ನೋಡಿ.
ರಘು: (ಸ್ಕ್ರೀನ್‌ಶಾಟ್)

ದೀಪಾ: ಬಂದರು ಎಲ್ಲರೂ! 🙏

ಶ್ವೇತಾ: ಪುಟ ಸರಿ ಇದೆ. ಆದರೆ ಆ ಮ್ಯಾಕ್ರೋದ ಮೊದಲ ಸಾಲು ನೋಡಿ ಗಾಬರಿ ಆಯಿತು. ವ್ಯಕ್ತಿ, ಫೋಟೋ ಅಳತೆ, ಫೋನ್ ತೋರಿಸು, ರೂಮ್ ತೋರಿಸು, ಊಟ ತೋರಿಸು, ಮೇಷ್ಟ್ರಾ, ಸಬ್ಜೆಕ್ಟ್, ಬಾರ್ಡರ್... ಹನ್ನೊಂದು ಆರ್ಗ್ಯುಮೆಂಟ್!

ರಘು: ನೀನೇ ಹೇಳಿದ್ದು, ಬೇಕಾಗಿದ್ದೆಲ್ಲ ಮೇಲೆ ಬರೆ ಅಂತ.

ಶ್ವೇತಾ: ನಮ್ಮ ಮನೆ ಚಕ್ಕಲಿ ಒರಳಿಗೆ ಆರು ಬಿಲ್ಲೆ ಇವೆ. ಸೇವ್‌ಗೆ ಒಂದು, ಚಕ್ಕಲಿಗೆ ಒಂದು. ಒರಳು ಬದಲಾಗುವುದಿಲ್ಲ, ಬಿಲ್ಲೆ ಬದಲಿಸುತ್ತೇವೆ. ನೀನು ಆರೂ ಬಿಲ್ಲೆಯನ್ನು ಒರಳಿಗೇ ವೆಲ್ಡ್ ಮಾಡಿ, ಯಾವ ತೂತು ಮುಚ್ಚಬೇಕು ಅಂತ ಹನ್ನೊಂದು ಗುಂಡಿ ಇಟ್ಟಿದ್ದೀಯ.

ಇರ್ಫಾನ್: 😂😂

ಶ್ವೇತಾ: ಕಾಲ್ ಬ್ಲಾಕ್ ಬಳಸು. ಮ್ಯಾಕ್ರೋದಲ್ಲಿ ಫೋಟೋ, ಹೆಸರು, ಊರು. ಕೆಳಗೆ ಕಾಲರ್ ಅಂತ ಖಾಲಿ ಜಾಗ ಬಿಡು. ಅಲ್ಲಿ ಫೋನ್ ಬೇಕಾ ರೂಮ್ ಬೇಕಾ ಅಂತ ಕರೆದ ಪುಟವೇ ಬರೆಯಲಿ. ಹನ್ನೊಂದು ಹೋಗಿ ಎರಡೋ ಮೂರೋ ಉಳಿಯುತ್ತವೆ.

ರಘು: ಮೇಷ್ಟ್ರ ಕಾರ್ಡ್? ಅವರದು ಅಡ್ಡಕ್ಕೆ ಇದೆ, ಫೋಟೋ ದೊಡ್ಡದು, ಸಬ್ಜೆಕ್ಟ್ ಮೇಲೆ.

ಶ್ವೇತಾ: ಅದನ್ನೂ...
ಶ್ವೇತಾ: ಅಲ್ಲ, ಅದನ್ನು ಬೇರೆಯೇ ಬರೆ. ಅದು ಒಂದು ಪುಟದಲ್ಲಿ ಮಾತ್ರ ಇದೆ, ಹೋಲಿಕೆ ಇರುವುದು "ಕಾರ್ಡ್" ಅನ್ನುವ ಹೆಸರಲ್ಲಿ ಮಾತ್ರ.

ರಘು: ಅಂದರೆ ಕಾಪಿ ಪೇಸ್ಟ್ ಮಾಡಬಹುದು! ಎಲ್ಲರೂ ಓದಿಕೊಳ್ಳಿ, ಶ್ವೇತಾ ಹೇಳಿದ್ದು. ಪಿನ್ ಮಾಡುತ್ತಿದ್ದೇನೆ.

ಶ್ವೇತಾ: ಮಾಡು. ನಾನು ಒಮ್ಮೆ ಆಫೀಸಿನಲ್ಲಿ ಎರಡು ಬೇರೆ ಫಾರ್ಮುಗಳನ್ನು ಒಂದೇ ಮ್ಯಾಕ್ರೋ ಮಾಡಿ, ಆಮೇಲೆ ಬಿಡಿಸಲು ಮೂರು ದಿನ ತೆಗೆದುಕೊಂಡೆ. ಅದಕ್ಕೇ ಹೇಳಿದ್ದು.

ನವೀನ: ಒಂದು ನಿಮಿಷ. ಇರ್ಫಾನನ ಕಾರ್ಡ್ ಯಾಕೆ ಓಡುತ್ತಿದೆ?

ದೀಪಾ: ಓಡುತ್ತಿದೆ! ಬಲದಿಂದ ಎಡಕ್ಕೆ!

ಇರ್ಫಾನ್: ಪರಿಚಯದಲ್ಲಿ ಮಾರ್ಕೀ ಟ್ಯಾಗ್ ಹಾಕಿದ್ದೇನೆ. 2005ರ ಲ್ಯಾಬ್ ನೆನಪಿಗೆ. ಈಗಲೂ ನಡೆಯುತ್ತದಪಾ!

ಶ್ವೇತಾ: ರಘು, ಪರಿಚಯಕ್ಕೆ ಸೇಫ್ ಫಿಲ್ಟರ್ ಹಾಕಿ, ಬರೆದ ಟ್ಯಾಗ್ ಹಾಗೆಯೇ ಬಿಟ್ಟಿದ್ದೀಯಾ?

ರಘು: ಜನ ಎಂಟರ್ ಒತ್ತಿ ಎರಡು ಮೂರು ಸಾಲು ಬರೆಯುತ್ತಾರೆ. ಸಾಲು ಮುರಿಯಲು ಬಿಆರ್ ಟ್ಯಾಗ್ ಸೇರಿಸುತ್ತೇನೆ. ಸೇಫ್ ಹಾಕದಿದ್ದರೆ ಆ ಬಿಆರ್ ಅಕ್ಷರವಾಗಿಯೇ ಕಾಣಿಸುತ್ತದೆ.

ಶ್ವೇತಾ: ಇವತ್ತು ಮಾರ್ಕೀ ಬಂತು. ನಾಳೆ ಸ್ಕ್ರಿಪ್ಟ್ ಟ್ಯಾಗ್ ಹಾಕಿದರೆ ಆ ಪುಟ ತೆರೆದವರೆಲ್ಲರ ಬ್ರೌಸರಿನಲ್ಲಿ ಅದು ಓಡುತ್ತದೆ, ಅವರವರ ಲಾಗಿನ್ನಿನ ಜೊತೆಗೆ. ಸೇಫ್ ತೆಗೆ. ಸಾಲು ಮುರಿಯಲು ಸಿಎಸ್‌ಎಸ್‌ನಲ್ಲಿ ವೈಟ್‌ಸ್ಪೇಸ್ ಪ್ರೀಲೈನ್ ಅಂತ ಹಾಕಿದರೆ ಸಾಕು. ಟ್ಯಾಗನ್ನು ಬರೀ ಅಕ್ಷರವಾಗಿಸುವ ಆಟೋಎಸ್ಕೇಪ್ ತನ್ನ ಕೆಲಸ ಮಾಡಲಿ.
ಶ್ವೇತಾ: ಇನ್ನೊಂದು. ಆಟ್ರಿಬ್ಯೂಟಿಗೆ ಬೆಲೆ ಕೊಡುವಾಗ ಕೋಟ್ಸ್ ಹಾಕಿದ್ದೀಯ ತಾನೇ? ಕೋಟ್ಸ್ ಇಲ್ಲದ ಕಡೆ ಎಸ್ಕೇಪ್ ಕಾಪಾಡುವುದಿಲ್ಲ. ಒಂದು ಸ್ಪೇಸ್ ಸಿಕ್ಕರೆ ಸಾಕು, ಹೊಸ ಆಟ್ರಿಬ್ಯೂಟ್ ತೂರಿಸಬಹುದು.

ರಘು: ಹಾಕಿದ್ದೇನೆ. ಅಷ್ಟೂ ದಡ್ಡ ಅಲ್ಲ.
ರಘು: ಎರಡು ಕಡೆ ಬಿಟ್ಟುಹೋಗಿತ್ತು. ಸರಿ ಮಾಡಿದೆ.

ಇರ್ಫಾನ್: ನನ್ನ ಮಾರ್ಕೀ ನಿಂತಿತು. < > ಚಿಹ್ನೆಗಳ ಸಮೇತ ಟ್ಯಾಗ್ ಹಾಗೆಯೇ ಅಕ್ಷರವಾಗಿ ಕಾಣಿಸುತ್ತಿದೆ. ದುಃಖದ ದಿನ.

ಭಾನುವಾರ, ಬೆಳಗ್ಗೆ 7:55

ಗಿರೀಶ: ನನ್ನ ಕಾರ್ಡಿನಲ್ಲಿ "ತಿದ್ದಿ" ಬಟನ್ ಇಲ್ಲ. ನಿನ್ನೆ ಇತ್ತು. ಫೋನ್ ನಂಬರ್ ಬದಲಾಗಿದೆ ಮಾರಾಯ, ತಿದ್ದಬೇಕು.

ದೀಪಾ: ನನ್ನದೂ ಇಲ್ಲ.

ರಘು: ಎರರ್ ಏನೂ ಇಲ್ಲವಲ್ಲ ಸರ್ವರ್ ಲಾಗ್‌ನಲ್ಲಿ!

ಶ್ವೇತಾ: ಬಟನ್ ತೋರಿಸುವ ಷರತ್ತು ಏನು?

ರಘು: ಕರೆಂಟ್ ಯೂಸರ್, ಅಂದರೆ ಲಾಗಿನ್ ಆದವರು, ಮತ್ತು ಕಾರ್ಡಿನ ವ್ಯಕ್ತಿ ಒಂದೇ ಆದರೆ ತೋರಿಸು.

ಶ್ವೇತಾ: ಕರೆಂಟ್ ಯೂಸರನ್ನು ಫ್ಲಾಸ್ಕ್ ಲಾಗಿನ್ ಲೈಬ್ರರಿ ಕಾಂಟೆಕ್ಸ್ಟ್ ಪ್ರೊಸೆಸರಿನಿಂದಲೇ ಕೊಡುತ್ತದೆ. ಮ್ಯಾಕ್ರೋ ಫೈಲಿಗೆ ಅದು ಕಾಣಿಸುವುದಿಲ್ಲ. ಇಲ್ಲದ ವೇರಿಯಬಲ್ಲನ್ನು ಹೋಲಿಸಿದರೆ ಜಿಂಜಾ ಬಾಯಿ ಬಿಡುವುದಿಲ್ಲ, ಸುಮ್ನೆ "ಅಲ್ಲ" ಅನ್ನುತ್ತದೆ. ಸ್ಟ್ರಿಕ್ಟ್ ಅನ್‌ಡಿಫೈನ್ಡ್ ಹಾಕಿದ್ದರೆ ಆಗಲೇ ಕೂಗಿಕೊಳ್ಳುತ್ತಿತ್ತು.

ರಘು: ನೋಡಿದೆಯಾ? ಇನ್‌ಕ್ಲೂಡಿನಲ್ಲಿ ಈ ತೊಂದರೆ ಇರಲಿಲ್ಲ!

ಶ್ವೇತಾ: ಇರಲಿಲ್ಲ. ಒಪ್ಪಿದೆ. ಅದರ ಬದಲು 41 ದೀಪಾ ಇದ್ದರು.

ರಘು: ಇಂಪೋರ್ಟ್ ಸಾಲಿನ ಕೊನೆಗೆ ವಿತ್ ಕಾಂಟೆಕ್ಸ್ಟ್ ಸೇರಿಸಿದರೆ ಬರುತ್ತದೆ. ಈಗಷ್ಟೇ ಓದಿದೆ.

ಶ್ವೇತಾ: ಬರುತ್ತದೆ. ಅದರ ಜೊತೆ ಆ ಹಳೇ ಯೂಸರ್ ಕೂಡ ಬರುತ್ತಾನೆ.

ರಘು: ಸರಿ ತಾಯಿ. ತಿದ್ದಬಹುದಾ ಅಂತ ಒಂದು ಆರ್ಗ್ಯುಮೆಂಟ್ ಸೇರಿಸಿದೆ, ಡೀಫಾಲ್ಟ್ "ಇಲ್ಲ" ಅಂತ. ಹೌದೋ ಅಲ್ಲವೋ ಪುಟವೇ ಹೇಳುತ್ತದೆ. ಸ್ಟ್ರಿಕ್ಟ್ ಕೂಡ ಹಾಕಿದೆ. ಹಾಕಿದ ತಕ್ಷಣ ಇನ್ನೂ ನಾಲ್ಕು ಕಡೆ ಎರರ್ ಬಂತು. 😐

ಗಿರೀಶ: ಬಟನ್ ಬಂತು. ನಂಬರ್ ತಿದ್ದಿದೆ.

ಇರ್ಫಾನ್: ಲೇ ರಘು, ನನ್ನ ಊರು ನೋಡು. "ಹುಬ್ಬಳ್..." ಅಂತ ನಿಂತಿದೆ. ನಾನು ಎಲ್ಲಿಯವನು ಈಗ?

ರಘು: ಊರು ಉದ್ದ ಆದರೆ ಕಾರ್ಡ್ ಕೆಡುತ್ತದೆ ಅಂತ ಉದ್ದ ಕತ್ತರಿಸುವ ಟ್ರಂಕೇಟ್ ಫಿಲ್ಟರ್ ಹಾಕಿದ್ದೆ. ಹುಬ್ಬಳ್ಳಿ-ಧಾರವಾಡ ಅಂತೆಲ್ಲ ಬರೆದರೆ ಹೀಗೇ. ಮೈಸೂರು ಅಂತ ಬರೆ, ಸರಿ ಬರುತ್ತದೆ.

ಇರ್ಫಾನ್: ಊರು ಬದಲಿಸಬೇಕಾ ನಿನ್ನ ಫಿಲ್ಟರಿಗೆ?

ಶ್ವೇತಾ: ಪದದ ನಡುವೆಯೂ ಕತ್ತರಿಸು ಅಂತ ಟ್ರೂ ಕೊಟ್ಟಿರಬೇಕು ನೀನು. ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಮ್ಮ ಅಕ್ಷರಗಳನ್ನಲ್ಲ. ಹುಬ್ಬಳ್ಳಿ ನಮಗೆ ಮೂರು ಅಕ್ಷರ. ಅದಕ್ಕೆ ಹ, ಉಕಾರ, ಬ, ವಿರಾಮ (ಅರ್ಧಾಕ್ಷರದ ಚಿಹ್ನೆ), ಬ, ಳ, ವಿರಾಮ, ಳ, ಇಕಾರ ಸೇರಿ ಒಂಬತ್ತು. ಏಳಕ್ಕೆ ಕತ್ತರಿ ಬಿದ್ದರೆ ಒತ್ತು ಹೋಗಿ ಅರ್ಧ ಳ್ ಉಳಿಯುತ್ತದೆ. ಸರ್ವರಿನಲ್ಲಿ ಕತ್ತರಿಸಬೇಡ. ಪೂರ್ತಿ ಕಳಿಸು, ಜಾಗ ಸಾಲದಿದ್ದರೆ ಸಿಎಸ್‌ಎಸ್ ಎಲಿಪ್ಸಿಸ್ ನೋಡಿಕೊಳ್ಳಲಿ.

ರಘು: ಎಷ್ಟು ಪುಟದಲ್ಲಿ ಬದಲಿಸಬೇಕೋ...
ರಘು: ಓ. ಮ್ಯಾಕ್ರೋದಲ್ಲಿ ಒಂದೇ ಕಡೆ. ಆಯಿತು. ಇರ್ಫಾನ್, ರಿಫ್ರೆಶ್ ಮಾಡು.

ಇರ್ಫಾನ್: ಹುಬ್ಬಳ್ಳಿ-ಧಾರವಾಡ. ಪೂರ್ತಿ ಬಂತು.

ದೀಪಾ: ಸರಿ, ಈಗ ಊಟದ ಲೆಕ್ಕ ಕೊಡಿ. ವೆಜ್ ಎಷ್ಟು, ನಾನ್‌ವೆಜ್ ಎಷ್ಟು?