ಅಪ್‌ಡೇಟ್: ಮುಂದೆ ಓಡ್ತಿದ್ದ ಆಟೋಮ್ಯಾಟಿಕ್ ವಾಚು ಸರಿಹೋಯ್ತು
ದಿನಾ ಕಟ್ಟೋಕೆ ಅಂತ ತಗೊಂಡ ಗಟ್ಟಿಮುಟ್ಟು ಆಟೋಮ್ಯಾಟಿಕ್ ವಾಚು (ಕೈ ಆಡಿದ ಹಾಗೆ ತಾನೇ ಕೀ ತಗೊಳ್ಳೋದು) ದಿನಕ್ಕೆ 10 ನಿಮಿಷ ಮುಂದೆ ಹೋಗ್ತಿದೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು!

ಪೂರ್ತಿ ಕೀ ಕೊಡಿ ಅಂದ್ರಿ, 30 ಸುತ್ತು ಕೊಟ್ಟೆ, ಪ್ರಯೋಜನ ಆಗ್ಲಿಲ್ಲ. ರಾತ್ರಿ ಮಗ್ಗುಲಾಗಿ ಮಲಗಿಸಿದ್ರೆ ಬದಲಾಗಿದ್ದು ಬರೀ ಸೆಕೆಂಡುಗಳು.

ದಿಕ್ಸೂಚಿ ಹತ್ತಿರ ಹಿಡೀರಿ ಅಂದವರಿಗೆ ದೊಡ್ಡ ನಮಸ್ಕಾರ. ವಾಚು ತಂದ ತಕ್ಷಣ ದಿಕ್ಸೂಚಿಯ ಮುಳ್ಳು ಗರ್ರನೆ ತಿರುಗ್ತು! ವಾಚಿನ ವೇಗ ಕಾಯೋ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹತ್ತಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡ್ರೆ ಸ್ಪ್ರಿಂಗು ಗಿಡ್ಡ ಆದ ಹಾಗೆ, ಅದಕ್ಕೇ ಈ ಓಟ. ಅಯಸ್ಕಾಂತದ ಗುಣ ತೆಗೆಯೋ ಡಿಮ್ಯಾಗ್ನೆಟೈಸರ್ ಮೇಲಿಟ್ಟು, ಗುಂಡಿ ಒತ್ತಿಕೊಂಡೇ ವಾಚನ್ನ ನಿಧಾನಕ್ಕೆ ಮೇಲೆತ್ತಿದೆ, ಅಷ್ಟೇ. ಈಗ ದಿನಕ್ಕೆ 8 ಸೆಕೆಂಡ್ ಮುಂದೆ, ನನಗೆ ಧಾರಾಳ.

ಕಳ್ಳ ಯಾರು ಗೊತ್ತಾ? ರಾತ್ರಿ ವಾಚು ಬಿಚ್ಚಿಡ್ತಿದ್ದದ್ದು ಒಳಗೆ ಅಯಸ್ಕಾಂತ ಇರೋ ಬ್ಲೂಟೂತ್ ಸ್ಪೀಕರ್ ಮೇಲೆ!